ಸೂಗಪ್ಪನ ಸುಣ್ಣದ ಬಾಣ

ಶಹಾಪುರದ ಫೋಟೋ ಸ್ಟುಡಿಯೋ ಸೂಗಪ್ಪನಿಗೆ ಆ ರವಿವಾರ ಬಂದ ಕಷ್ಟಕ್ಕೆಲ್ಲ ಮೂಲ ಒಂದು ಚೀಲ ಸುಣ್ಣದ ಪುಡಿ.

ಎಲ್ಲರ ಕೈಗೂ ಮೊಬೈಲ್ ಬಂದು ಸ್ಟುಡಿಯೋದಲ್ಲಿ ನೊಣ ಹೊಡೆಯುವ ಕೆಲಸವಷ್ಟೇ ಉಳಿದ ಮೇಲೆ ಸೂಗಪ್ಪ ಸೈಕಲ್ ಹಿಡಿದಿದ್ದ. ಡಾಂಬರು ರಸ್ತೆ ಅವನಿಗೆ ರುಚಿಸುತ್ತಿರಲಿಲ್ಲ. ಕಾಲುವೆ ದಂಡೆಯ ಗರಸಿನ ದಾರಿ, ಗುಡ್ಡದ ಏರು, ಸೀತಾಫಲದ ಮೆಳೆ, ಬೇವಿನ ಗಿಡಗಳ ನೆರಳು, ಎಲ್ಲಿ ಎತ್ತಿನ ಬಂಡಿಯೂ ಹಿಂದೆಮುಂದೆ ನೋಡುತ್ತದೋ ಅಲ್ಲಿಗೇ ಇವನ ಸವಾರಿ. ಹೋದಲ್ಲೆಲ್ಲ ಫೋಟೋ ಹೊಡೆದು ಮೊಬೈಲಿನಲ್ಲಿ ಹಂಚುತ್ತಿದ್ದ. ಅವನ್ನು ನೋಡಿದ ಹೈದರಾಬಾದಿನ ಸೈಕಲ್ ಸಂಘದವರು ಇಷ್ಟು ಚಂದದ ದಾರಿ ನಮಗೂ ತೋರಿಸಿ ಎಂದು ಬೆನ್ನು ಹತ್ತಿದರು. ಒಂದು ಹಳದಿ ಜಾಕೀಟು, ಒಂದು ಹೆಲ್ಮೆಟ್ಟು ಉಡುಗೊರೆಯಾಗಿಯೂ ಕಳಿಸಿದರು.

ಹೆಂಡತಿ ಬಸ್ಸಮ್ಮ ನಂಬಲಿಲ್ಲ. "ನಿಮಗ ತಲಿ ಬರಾಬರ್ ಐತಿಲ್ಲೋ? ಕಲ್ಲಾಗ ಸೈಕಲ್ ಹೊಡಿಯಾಕ ಹೈದ್ರಾಬಾದಿನಿಂದ ಯಾರರೆ ಬರ್ತಾರೇನ್ರೀ? ಅಲ್ಲಿ ಕಲ್ಲಿಗೇನು ಬರ ಬಂದೈತಿ?"

"ಬರ್ತಾರ. ಬರೇ ಬರೋದಲ್ಲ, ನಿಮ್ಮವ್ವನ ಅಂಗಳದಾಗ ಸಾಲಾಗಿ ಕುಂತು ಊಟ ಮಾಡ್ತಾರ. ನೋಡೀಯಂತ" ಎಂದುಬಿಟ್ಟ ಸೂಗಪ್ಪ.

ಈ ಮಾತು ಬಾಯಿಂದ ಜಾರಿತು ನೋಡಿ, ಅಲ್ಲಿಗೆ ಸಿಕ್ಕಿಬಿದ್ದ. ಅತ್ತೆ ಗೊಲ್ಲಾಳಮ್ಮನ ಊರು ಕಲ್ಲಗುಡ್ಡ. ಇನ್ನೊಬ್ಬ ಅಳಿಯ ಯಾದಗಿರಿಯಲ್ಲಿ ಕಾರಿನ ಮೇಲೆ ಓಡಾಡುವಾಗ, ಈ ಅಳಿಯ ತಲೆ ನರೆತ ಮೇಲೆ ಸೈಕಲ್ ತುಳಿಯುತ್ತಾನಲ್ಲ ಎಂದು ಆಕೆಗೆ ಒಳಗೊಳಗೇ ಸಂಕಟ. ಹೈದರಾಬಾದಿನ ದೊಡ್ಡ ಮಂದಿ ಅಳಿಯನ ಮಾತು ಕೇಳಿ ಬರುತ್ತಾರೆ ಎಂದ ಕೂಡಲೇ ಓಣಿಗೆಲ್ಲ ಡಂಗುರ ಹೊಡೆದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಇನ್ನು ಮಂದಿ ಬರದಿದ್ದರೆ ಸೂಗಪ್ಪ ಆ ಊರಲ್ಲಿ ಮತ್ತೆ ಮುಖ ತೋರಿಸುವ ಹಾಗಿರಲಿಲ್ಲ.

ರವಿವಾರ ನಸುಕಿನಲ್ಲೇ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಸುರಪುರಕ್ಕೆ ಹೋದ. ಅತಿಥಿಗಳು ಯಾದಗಿರಿಗೆ ರೈಲಿನಲ್ಲಿ ಬಂದು, ಸೈಕಲ್ಲುಗಳ ಸಮೇತ ವ್ಯಾನಿನಲ್ಲಿ ಸುರಪುರ ತಲುಪಿ, ತಿಂಡಿ ಮುಗಿಸಿ ಹೊರಡುವವರಿದ್ದರು. ಇವನು ಮುಂದೆ ಹೋಗಿ ತಿರುವಿಗೊಂದು ಸುಣ್ಣದ ಬಾಣ ಬರೆಯುತ್ತಾ ಕಲ್ಲಗುಡ್ಡ ಸೇರುವುದು, ಅವರು ಬಾಣ ನೋಡುತ್ತಾ ಹಿಂದೆ ಬರುವುದು. ಲೆಕ್ಕಾಚಾರ ಚೊಕ್ಕವಾಗಿತ್ತು.

ಗುಡ್ಡ ಇಳಿದು ಕಾಲುವೆ ದಂಡೆಗೆ ಬಿದ್ದ ಕೂಡಲೇ ಮೊದಲ ತೊಡಕು. ದಾರಿಗೆ ಅಡ್ಡಡ್ಡ ಒಂದು ದಪ್ಪ ಪೈಪು ಮಲಗಿತ್ತು. ಒಂದು ತುದಿ ಕಾಲುವೆಯಲ್ಲಿ, ಇನ್ನೊಂದು ತುದಿ ತಾಯಪ್ಪ ಎಂಬ ದೊಡ್ಡ ರೈತನ ಹೊಲದ ಭತ್ತದಲ್ಲಿ. ಈ ಕಾಲುವೆಯ ಕೆಳಗೆ ಭತ್ತ ಹಾಕಬಾರದು, ಪೈಪಂತೂ ಇಳಿಸಲೇಬಾರದು ಎಂದು ಸರ್ಕಾರ ಹೇಳಿ ಯಾವ ಕಾಲವಾಯಿತೋ.

ಸೂಗಪ್ಪ ಪೈಪಿನ ಪಕ್ಕದಲ್ಲೇ ಕೂತು ಬಾಣ ಬರೆಯುತ್ತಿದ್ದ. ಹಳದಿ ಜಾಕೀಟು, ಹೆಲ್ಮೆಟ್ಟು, ಕಪ್ಪು ಕನ್ನಡಕ. ಕೈಯಲ್ಲಿ ಸುಣ್ಣ! ನಮ್ಮ ಕಡೆ ಸುಣ್ಣದ ಗುರುತು ಹಾಕುವವರು ಸರ್ಕಾರದವರೇ. ಇವತ್ತು ಗುರುತು ಬಿತ್ತೆಂದರೆ ನಾಳೆ ಗೋಡೆಯೋ ಕಟ್ಟೆಯೋ ಒಡೆಯಲು ಮಷೀನು ಬಂತೆಂದೇ ಅರ್ಥ. ತಾಯಪ್ಪ ಸಲಿಕೆ ಒಗೆದು ಓಡಿಬಂದ.

"ನಮಸ್ಕಾರ್ರೀ ಸಾಹೇಬ್ರ. ಏನ್ ಮಾಡಾಕತ್ತೀರಿ?"

"ಗುರುತು ಹಾಕಾಕತ್ತೇನ್ರಿ. ಹಿಂದ ನಮ್ಮ ಮಂದಿ ಬರಾಕತ್ತಾರ, ಇದನ್ನ ನೋಡ್ಕೊಂತ ಬರ್ತಾರ."

"ಬಾಳ ಮಂದಿ ಅದಾರೇನ್ರಿ?"

"ಇಡೀ ತಂಡನ ಬರ್ತೈತ್ರಿ."

ತಾಯಪ್ಪ ಪೈಪು ಮರೆಯಾಗುವಂತೆ ಅಡ್ಡ ಬಂದು ನಿಂತ. ಸೂಗಪ್ಪ ಅದನ್ನು ಗಮನಿಸದೆ, "ಯಜಮಾನ್ರ, ಒಂದು ಉಪಕಾರ ಮಾಡ್ರಿ. ಈ ಪೈಪು ಸಂಜಿತನಕ ತಗದು ಬಾಜೂಕ ಇಡ್ರಿ. ನಮ್ಮವ್ರಿಗಿ ತ್ರಾಸ ಆಗ್ತೈತಿ" ಎಂದ, ಕೈ ಮುಗಿದು.

ಅಧಿಕಾರಿಯೊಬ್ಬ ಕೈ ಮುಗಿದು ಕೇಳಿದ್ದನ್ನು ತಾಯಪ್ಪ ಕಂಡಿರಲಿಲ್ಲ. ಬೈಯುವವರನ್ನು ಹೇಗೋ ಸಂಭಾಳಿಸಬಹುದು, ಹೀಗೆ ಮೆತ್ತಗೆ ಮಾತಾಡುವವರು ಬಾಳ ಖತರನಾಕ್ ಎಂದುಕೊಂಡು ಅಲ್ಲೇ ಪೈಪು ಎಳೆದುಹಾಕಿದ. ಆಮೇಲೆ ಸುಸಲಾ, ಮಿರ್ಚಿಭಜಿ, ಮೇಲೆ ಚಹಾ. ಬೇಡವೆಂದರೆ ಬಿಟ್ಟರೆ ತಾನೇ!

ಸೂಗಪ್ಪನ ಕಣ್ಣು ತುಂಬಿಬಂತು. ಎಂಥ ಮಂದಿ, ಎಂಥ ಊರು, ಇದನ್ನು ಜಗತ್ತಿಗೆ ತೋರಿಸಲೇಬೇಕು ಎನ್ನುತ್ತಾ ಪೆಡಲು ತುಳಿದ. ಅವನು ತಿರುವು ದಾಟುವ ಮೊದಲೇ ತಾಯಪ್ಪ ಮುಂದಿನ ಹೊಲದ ಮಸ್ತಾನಸಾಬನಿಗೆ ಫೋನು ಹಚ್ಚಿದ್ದ.

ಮಸ್ತಾನಸಾಬನ ಹೊಲದ ಹತ್ತಿರ ಬರುವಷ್ಟರಲ್ಲಿ ದಾರಿ ಕನ್ನಡಿಯಂತಿತ್ತು. ಪೈಪಿಲ್ಲ, ಮೋಟಾರಿಲ್ಲ. ಬೇವಿನ ಗಿಡದ ಕೆಳಗೆ ಹೊರಸು, ಹೊರಸಿನ ಮೇಲೆ ಹೊಸ ಚಾದರ.

"ಬರ್ರಿ ಸಾಹೇಬ್ರ, ಬರ್ರಿ. ನೀವು ಶರಣರು ಅಂತ ತಾಯಪ್ಪ ಅಂದ, ಅದಕ್ಕ ಪಕ್ಕದ ಲಿಂಗವಂತರ ಮನಿಂದ ರೊಟ್ಟಿ ಪಲ್ಯಾ ತರಿಸೇನಿ."

"ಈಗರೆ ತಿಂದೇನ್ರಿ. ನಾ ಸಾಹೇಬ ಅಲ್ರಿ, ಫೋಟೋ ತಗಿಯಾಂವ."

ಮಸ್ತಾನಸಾಬ ಎರಡು ಹೆಜ್ಜೆ ಹಿಂದೆ ಸರಿದ. "ಯಾ ಅಲ್ಲಾ! ಫೋಟೋನೂ ತಗೀತೀರೇನ್ರಿ? ಸಾಕ್ಷಿಗೇನ್ರಿ?"

"ನೆನಪಿಗ್ರಿ, ಸುಮ್ಕ ನೆನಪಿಗಿ!"

"ಬರಾಬರ್. ದೊಡ್ಡವರು ಹಂಗೇ ಅಂತಾರ" ಎಂದು ತಾಟಿಗೆ ಎರಡು ರೊಟ್ಟಿ ಹೆಚ್ಚೇ ಬಡಿಸಿದ. ಸೂಗಪ್ಪ ಬೆವರುತ್ತಾ ತಿಂದ.

ಅಲ್ಲಿಂದ ಮುಂದೆ ಒಬ್ಬೊಬ್ಬರದೂ ಅದೇ ಕತೆ. ಫೋನು ಮುಂದೆ, ಸೈಕಲ್ ಹಿಂದೆ. ಒಂದು ಕಡೆ ಮಜ್ಜಿಗೆ, ಇನ್ನೊಂದು ಕಡೆ ಕಬ್ಬಿನ ಹಾಲು. ಗುಡ್ಡದ ಏರಿನಲ್ಲಿ ಹೊಟ್ಟೆ ಹ್ಯಾಂಡಲ್ಲಿಗೆ ತಾಗಿ ಸೂಗಪ್ಪ ಸೈಕಲ್ ಇಳಿದು ದೂಡಿದ. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಾರಿಕಂಟಿಯ ಮುಳ್ಳಿನೊಳಗೆ ಹೊಕ್ಕು ಹೊರಬಂದ.

ಒಬ್ಬಳೇ ಒಬ್ಬಳು ಹೆದರಲಿಲ್ಲ. ಸುಂದ್ರಮ್ಮ ಎಂಬ ಹೆಂಗಸು ಸೊಂಟಕ್ಕೆ ಸೀರೆ ಸಿಕ್ಕಿಸಿ ತನ್ನ ಪೈಪಿನ ಮೇಲೆ ಕೂತುಬಿಟ್ಟಿದ್ದಳು.

"ಬಡವರ ಪೈಪ್ ಅಷ್ಟ ಕಣ್ಣಿಗಿ ಕಾಣ್ತೈತೇನು? ಮೊದ್ಲು ಮ್ಯಾಲಿನವ್ರದು ತಗಸ್ರಿ. ಆಮ್ಯಾಲ ನನ್ನ ಹತ್ರ ಬರ್ರಿ!"

"ಎಲ್ಲಾರೂ ತಗದಾರಬೇ ಎವ್ವಾ. ನಾ ಕೇಳಿದ ಕೂಡ್ಲೆ ತಗದ್ರು, ಪಾಪ."

"ತಾಯಪ್ಪನೂ?"

"ತಾಯಪ್ಪನೂ."

ಸುಂದ್ರಮ್ಮ ಅವನನ್ನು ಅಡಿಯಿಂದ ಮುಡಿತನಕ ನೋಡಿದಳು. ತಾಯಪ್ಪನಂಥ ತಾಯಪ್ಪನ ಪೈಪು ತೆಗೆಸಿದವನು ಸಣ್ಣಪುಟ್ಟ ಆಸಾಮಿಯಾಗಿರಲಿಕ್ಕಿಲ್ಲ. ಸುಮ್ಮನೆ ಎದ್ದು ಪೈಪು ಸುತ್ತಿಟ್ಟಳು.

ಕಲ್ಲಗುಡ್ಡ ಕಾಲುವೆಯ ಕಟ್ಟಕಡೆಯ ಊರು. ಉದ್ಘಾಟನೆಯ ದಿನ ಬಂದ ನೀರು ಆಮೇಲೆ ಇತ್ತ ಮುಖ ಹಾಕಿರಲಿಲ್ಲ. ಹಾಗಾಗಿ ಊರ ಮುಂದಿನ ಕಾಲುವೆಯ ತಳವೇ ಊರಿಗೆ ಹೋಗುವ ಹಾದಿ. ಸೂಗಪ್ಪ ಆ ಒಣ ತಳದಲ್ಲಿ ಎಲ್ಲಕ್ಕಿಂತ ದೊಡ್ಡ ಬಾಣ ಬರೆದು, ಉಳಿದ ಸುಣ್ಣವನ್ನೆಲ್ಲ ಅಲ್ಲೇ ಖಾಲಿ ಮಾಡಿ, ದಡ ಹತ್ತಿ ಅತ್ತೆಯ ಅಂಗಳಕ್ಕೆ ಬಂದ.

ಅಂಗಳದಲ್ಲಿ ಜಮಖಾನೆ ಹಾಸಿತ್ತು. ಊರೇ ಸೇರಿತ್ತು. ಗೊಲ್ಲಾಳಮ್ಮ ಇಳಕಲ್ ಸೀರೆ ಉಟ್ಟಿದ್ದಳು.

"ಬರ್ತಾರಲ್ರಿ ಅಳಿಯಂದ್ರ?"

"ಗುಡ್ಡದ ಮ್ಯಾಲ ಅದಾರಂತ್ರಿ ಅತ್ತಿ, ಈಗ ಫೋನ್ ಮಾಡಿದ್ರು. ಅಲ್ಲಿಂದ ಊರು ಕಾಣಾಕತ್ತೈತಂತ. ಇಂಥ ದಾರಿ ನಾವು ಎಲ್ಲೂ ಕಂಡಿಲ್ಲ, ಹೊಲಕ್ಕೊಬ್ರು ಕೈ ಮುಗಿದು ಚಹಾ ಕೊಟ್ರು ಅಂದ್ರು."

ಗೊಲ್ಲಾಳಮ್ಮನ ಮುಖ ಅರಳಿತು. ಸೂಗಪ್ಪ ಅಳಿಯನಾದ ಮೇಲೆ ಮೊದಲ ಸಲ ಆ ಅಂಗಳದಲ್ಲಿ ಎದೆ ಉಬ್ಬಿಸಿ ನಿಂತ. ತಾಟುಗಳು ಸಾಲಾದವು.

ಆಗ ಹೊರಗೆ ಯಾರೋ ಹುಯ್ಯಲಿಟ್ಟರು. "ನೀರ ಬಂತು! ಕಾಲವಿಗಿ ನೀರ ಬಂತ್ರೋ ಯಪ್ಪಾ!"

ತಾಟು ತಾಟಿನ ಜಾಗದಲ್ಲೇ ಉಳಿಯಿತು, ಜನ ಉಳಿಯಲಿಲ್ಲ. ಸೂಗಪ್ಪನೂ ಓಡಿದ. ಕಾಲುವೆ ದಂಡೆಯಿಂದ ದಂಡೆಗೆ ತುಂಬಿ, ಕೆಂಪಗೆ, ಸುಳಿ ತಿರುಗುತ್ತಾ ಹರಿಯುತ್ತಿತ್ತು. ದೊಡ್ಡ ಬಾಣ ಎಲ್ಲಿ ಹೋಯಿತೋ. ಮುದುಕಿಯರು ಅರಿಷಿಣ ಕುಂಕುಮ ತಂದು ನೀರಿಗೆ ಚೆಲ್ಲಿ ಗಳಗಳ ಅತ್ತರು. ಆಚೆ ದಡದಲ್ಲಿ ಹೈದರಾಬಾದಿನ ತಂಡ ಸೈಕಲ್ಲುಗಳನ್ನು ಹಿಡಿದು ನಿಂತಿತ್ತು. ಕುತ್ತಿಗೆ ಮಟ್ಟದ ನೀರು, ದಾಟುವ ಮಾತೇ ಇಲ್ಲ. ಅವರು ಕೈ ಬೀಸಿದರು, ಫೋಟೋ ತೆಗೆದರು, ರೈಲಿಗೆ ಹೊತ್ತಾಯಿತೆಂದು ಸನ್ನೆ ಮಾಡಿ ಹೊರಟೇ ಹೋದರು.

ಹಿಂದಿನಿಂದ ಅತ್ತೆ ಬಂದು ನಿಂತದ್ದು ಸೂಗಪ್ಪನಿಗೆ ಗೊತ್ತಾಯಿತು. ತಿರುಗಿ ನೋಡಲು ಧೈರ್ಯ ಸಾಲದು. ಅಷ್ಟರಲ್ಲಿ ಊರ ಹಿರಿಯ ಭೀಮರಾಯನಿಗೆ ಮೇಲಿನ ಊರಿನ ಬೀಗರಿಂದ ಫೋನು ಬಂತು. ಭೀಮರಾಯ ಹೂಂ ಹೂಂ ಎನ್ನುತ್ತಾ ಸೂಗಪ್ಪನ ಹಳದಿ ಜಾಕೀಟನ್ನೇ ನೋಡಿದ.

"ಯಾರೋ ಹಳದಿ ಅಂಗಿ ಸಾಹೇಬ ಸೈಕಲ್ ಮ್ಯಾಲ ಬಂದು ಸುಣ್ಣ ಹಾಕಿ ಎಲ್ಲಾ ಪೈಪು ತಗಿಸ್ಯಾನಂತ! ಅದಕ್ಕ ನೀರು ಬಂದೈತಿ. ಗೊಲ್ಲಾಳಮ್ಮಾ, ಅಂವ ನಿನ್ನ ಅಳಿಯನ ನೋಡು!"

ಊರವರು ಸೂಗಪ್ಪನನ್ನು ಎತ್ತಿ ಹೆಗಲ ಮೇಲೆ ಕೂರಿಸಿದರು. ಗೊಲ್ಲಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ಅಳಿಯ! ಕಾರಿನವನ ಕೈಲಿ ಆಕ್ಕಿತ್ತೇನು ಇದು?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಸೂಗಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುಳ್ಳು ಹೇಳಬಾರದೆಂದು ಸಣ್ಣಗೆ ನಕ್ಕ.

"ನೋಡಪಾ ಸೂಗಪ್ಪ, ಇನ್ನ ವಾರಾ ವಾರಾ ನೀ ಸೈಕಲ್ ಮ್ಯಾಲ ಬರಬೇಕು. ನೀ ಬರ್ಲಿಲ್ಲಂದ್ರ ಪೈಪು ಮತ್ತ ಬೀಳ್ತಾವ, ನಮ್ಮ ನೀರು ನಿಲ್ತೈತಿ" ಎಂದ ಭೀಮರಾಯ. ಊರು ಹೌದೆಂದಿತು.

ಅದೇ ಹೊತ್ತಿಗೆ ಜೇಬಿನ ಫೋನು ಬಡಿದುಕೊಂಡಿತು. ಹೈದರಾಬಾದಿನವರು. ದಾರಿ ಅದ್ಭುತ, ಮುಂದಿನ ರವಿವಾರ ಇನ್ನೂ ಹೆಚ್ಚು ಮಂದಿ ಬರುತ್ತೇವೆ, ಸೂಗಪ್ಪನೇ ಮುಂದೆ ಹೋಗಿ ಬಾಣ ಹಾಕಬೇಕು, ಈ ಸಲ ಅತ್ತೆಯ ಮನೆಯ ಊಟ ತಪ್ಪಿಸುವುದಿಲ್ಲ, ಕಾಲುವೆಯಲ್ಲಿ ನೀರು ಇರದಂತೆ ಮಾತ್ರ ನೋಡಿಕೊಳ್ಳಬೇಕು.

ಸೂಗಪ್ಪ ಹೆಗಲ ಮೇಲಿಂದಲೇ ಅದಷ್ಟನ್ನೂ ಅತ್ತೆಗೆ ಒಪ್ಪಿಸಿದ.

"ಬರ್ಲೇಳ್ರಿ, ಛಂದ ಆತು! ಇಮ್ಮಡಿ ರೊಟ್ಟಿ ಬಡೀತೀನಿ" ಎಂದಳು ಗೊಲ್ಲಾಳಮ್ಮ. "ಎಲ್ಲಾರ್ನೂ ನನ್ನ ಅಂಗಳಕ್ಕ ಕರ್ಕೊಂಡು ಬರ್ರಿ. ಆದ್ರ ನೀರ ಮಾತ್ರ ಒಂದು ಬೆರಳು ಕಡಿಮಿ ಆಗಬಾರದು ನೋಡ್ರಿ."