ಫೆಬ್ರುವರಿಯ ಜ್ವರಕ್ಕೆ ಹನ್ನೆರಡು ಅಂಕ

"ಇನ್ನ ಮ್ಯಾಲ ನನ್ನ ಮಗಳಿಗಿ ನಾನ ಸಾಲಿ, ನಾನ ಮಾಸ್ತರ, ನಾನ ಹೆಡ್‌ಮಾಸ್ತರ!"

ಸಗರದ ತಾಯಪ್ಪ ಹೀಗೆಂದು ಘೋಷಿಸಿದ್ದು ಜೂನ್ ತಿಂಗಳ ಒಂದು ಮಂಗಳವಾರ, ಅಂಗಳದ ನಡುವೆ ನಿಂತು, ಓಣಿಗೆಲ್ಲ ಕೇಳುವಂತೆ. ಮಗಳು ಶೇಖಮ್ಮನಿಗೆ ಆರನೇ ಕ್ಲಾಸಿನ ಗಣಿತದಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು ಬಂದಿತ್ತು. ಹನ್ನೊಂದು! ಕಾಲುವೆಯ ನೀರನ್ನೇ ಅಳೆಯುವ ಮನುಷ್ಯನ ಮಗಳಿಗೆ! ಅವನು ಮಾಸ್ತರರ ಜೊತೆ ಜಗಳವಾಡಿ, ಮಗಳ ಟಿ.ಸಿ. ಬರೆಸಿಕೊಂಡು, ಯುದ್ಧ ಗೆದ್ದವನ ಹಾಗೆ ಮನೆಗೆ ಬಂದಿದ್ದ.

"ಸಾಲಿ ಬಿಡಿಸಿ ಏನ್ ಮಾಡಾವ್ರು?" ಎಂದಳು ಹೆಂಡತಿ ಮರಿಲಿಂಗಮ್ಮ.

"ಏಳನೇ ಕ್ಲಾಸ್ ಮನ್ಯಾಗ ಮುಗಸ್ತೀನಿ. ಮುಂದಿನ ಜೂನ್‌ಕ ಸೀದಾ ಶಹಾಪುರದಾಗ ಎಂಟನೇ ಕ್ಲಾಸಿಗಿ ಕೂಡಸ್ತೀನಿ. ನೋಡ್ತಿರು!"

"ಆಕಿದು ಒಂದು ವರ್ಷ ನಿಮ್ಮ ಕೈಯಾಗ ಕೊಡಾಕತ್ತೀನಿ. ನೆನಪಿರ್ಲಿ."

ತಾಯಪ್ಪ ಮರುದಿನವೇ ಯಾದಗಿರಿಗೆ ಹೋಗಿ, ಮನೆಯಲ್ಲೇ ಕಲಿಯುವ ಮಕ್ಕಳಿಗೆಂದು ಅಚ್ಚಾಗಿದ್ದ ದಪ್ಪನೆಯ ಗಣಿತ ಅಭ್ಯಾಸದ ಪುಸ್ತಕ ತಂದ. ದಿನಕ್ಕೊಂದು ಪುಟ, ಪುಟಕ್ಕೆ ಇಪ್ಪತ್ತು ಲೆಕ್ಕ. ಪ್ರತಿ ಪುಟದ ಕೆಳಗೆ ಮೂರು ಚೌಕ: ದಿನಾಂಕ, ಅಂಕ, ಪಾಲಕರ ಸಹಿ. ಲೆಕ್ಕಗಳನ್ನು ನೋಡಿ ಅವನಿಗೆ ಏನೂ ಅನಿಸಲಿಲ್ಲ. ಚೌಕಗಳನ್ನು ನೋಡಿ ಮಾತ್ರ ಕಣ್ಣು ತುಂಬಿ ಬಂತು. ಇಂಥ ಅಚ್ಚುಕಟ್ಟಾದ ಚೌಕಗಳನ್ನು ಅವನ ನೀರಾವರಿ ದಫ್ತರದವರು ಜನ್ಮದಲ್ಲಿ ಕೊಟ್ಟಿರಲಿಲ್ಲ!

ಎಂಟು ದಿನ ಎಲ್ಲ ಸುಸೂತ್ರ. ಅಪ್ಪ ಮಗಳು ದಿನಾ ಸಂಜೆ ಚಾಪೆ ಹಾಸಿ ಕೂತರು. ಒಂಬತ್ತನೆಯ ದಿನ ಭಿನ್ನರಾಶಿ ಎದುರಾಯಿತು.

"ಅಪ್ಪಾ, ಮುಕ್ಕಾಲನ್ನ ಅರ್ಧದಿಂದ ಭಾಗಿಸಿದ್ರ ಪುಸ್ತಕದ ಕೊನಿಗಿ ಒಂದೂವರಿ ಅಂತ ಉತ್ತರ ಕೊಟ್ಟಾರ. ಭಾಗ ಮಾಡಿದ್ರ ಕಡಿಮಿ ಆಗಬೇಕಲ್ಲ? ಹೆಚ್ಚು ಹ್ಯಾಂಗ ಆತು?"

ಪ್ರಶ್ನೆ ಬಹಳ ಚೆನ್ನಾಗಿತ್ತು. ತಾಯಪ್ಪನಿಗೂ ಹಾಗೇ ಅನಿಸಿತು, ಆದರೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಹೆಡ್‌ಮಾಸ್ತರನಿಗೆ ಶೋಭೆಯೇ?

"ಅದು ಅಚ್ಚಿನ ತಪ್ಪು. ಮುಂದಿನ ಲೆಕ್ಕಕ್ಕ ಹೋಗು!"

ಆ ಪುಟದಲ್ಲಿ ಹದಿನಾಲ್ಕು ಅಚ್ಚಿನ ತಪ್ಪುಗಳಿದ್ದವು. ಅಂದಿನಿಂದ ಚಾಪೆಯ ಮೇಲೆ ಶೇಖಮ್ಮ ಒಬ್ಬಳೇ ಕೂಡತೊಡಗಿದಳು. ಅಪ್ಪನಿಗೆ ಸಂಜೆ ಹೊತ್ತಿನಲ್ಲಿ ಕಾಲುವೆಯ ಕಡೆ ಎಲ್ಲಿಲ್ಲದ ಕೆಲಸ ಬಂತು.

ಅವನ ಕೆಲಸವೋ, ಉಪಕಾಲುವೆಯಲ್ಲಿ ನೆಟ್ಟ ಅಳತೆಪಟ್ಟಿ ನೋಡಿ, ನೀರಿನ ಎತ್ತರವನ್ನು ದಿನಕ್ಕೆ ಎರಡು ಹೊತ್ತು ರಿಜಿಸ್ಟರಿನಲ್ಲಿ ಬರೆಯುವುದು. ದಿನಾ ಬರೆಯಬೇಕೆಂಬುದು ನಿಯಮ. ಶನಿವಾರ ಕೂತಲ್ಲೇ ಒಂದೇ ಸಲಕ್ಕೆ ಹಿಂದಿನ ವಾರವನ್ನೂ ಮುಂದಿನ ವಾರವನ್ನೂ ಬರೆದು ಕೈ ತೊಳೆದುಕೊಳ್ಳುವುದು ತಾಯಪ್ಪನ ಪದ್ಧತಿ. ಅದಕ್ಕೂ ಕಲೆ ಬೇಕು! ಎಲ್ಲ ದಿನಕ್ಕೂ ಒಂದೇ ಅಂಕಿ ಹಾಕಿದರೆ ತಪಾಸಣೆಯ ಸಾಹೇಬರು ಹಿಡಿಯುತ್ತಾರೆ; ಒಂದು ದಿನ ನಾಲ್ಕು ಬೆರಳು ಏರಿಸಬೇಕು, ಒಂದು ದಿನ ಎರಡು ಬೆರಳು ಇಳಿಸಬೇಕು. ರಿಜಿಸ್ಟರಿನಲ್ಲಿ ನೀರು ತುಂಬಿ ಹರಿಯುತ್ತಿದ್ದ ದಿನಗಳಲ್ಲಿ ತುದಿಯ ಹೊಲದವರು ಒಣ ಕಾಲುವೆಯಲ್ಲಿ ನಿಂತು ಅವನ ವಂಶವನ್ನೆಲ್ಲ ಬೈಯುತ್ತಿದ್ದರು.

ಆಗಸ್ಟಿನ ಒಂದು ಶನಿವಾರ ರಿಜಿಸ್ಟರು ಬೇಗ ಮುಗಿಯಿತು. ಪೆನ್ನಿನಲ್ಲಿ ಶಾಯಿ ಇತ್ತು, ಪಕ್ಕದಲ್ಲಿ ಮಗಳ ಪುಸ್ತಕವಿತ್ತು. ತಾಯಪ್ಪ ಬಾಕಿ ಉಳಿದ ಪುಟಗಳ ಚೌಕಗಳನ್ನು ತುಂಬಿದ. ಕೈ ನಿಲ್ಲಲಿಲ್ಲ. ಸೆಪ್ಟೆಂಬರ್ ಮುಗಿಯಿತು, ದಸರೆ ದಾಟಿತು, ದೀಪಾವಳಿ ದಾಟಿತು. ಚಹಾ ಆರುವುದರೊಳಗೆ ಮಾರ್ಚ್ ಕೊನೆಗೆ ಬಂದು ನಿಂತ! ಪ್ರತಿ ಪುಟಕ್ಕೂ ಕೆಂಪು ಗುರುತು, ದಿನಾಂಕ, ಅಂಕ, ಸಹಿ. ಹತ್ತೊಂಬತ್ತು, ಇಪ್ಪತ್ತು, ಹದಿನೆಂಟು ಎಂದು ಏರಿಳಿತವನ್ನೂ ಕೊಟ್ಟ.

ಮರುದಿನ ಶೇಖಮ್ಮ ಪುಟ ತಿರುವುತ್ತ ಕೇಳಿದಳು, "ಅಪ್ಪಾ, ಫೆಬ್ರುವರಿದಾಗ ಮೂರು ದಿನ ನಂಗ ಹನ್ನೆರಡೇ ಮಾರ್ಕ್ಸ್ ಯಾಕ?"

"ಎಲ್ಲಾ ದಿನ ಚೊಲೊ ಇದ್ರ ನೋಡಿದವ್ರಿಗಿ ಸಂಶಯ ಬರ್ತದವ್ವ. ಅವಾಗ ನಿಂಗ ಜ್ವರ ಬಂದಿತ್ತು ಅಂತ ತಿಳಕೊ."

"ಬರ್ತದೇನು?"

"ಬರ್ಲಿಕ್ಕೂ ಸಾಕು!"

ಹುಡುಗಿ ಕೆಲವು ದಿನ ಲೆಕ್ಕ ಮಾಡಿದಳು. ಮಾಡಿದರೂ ಇಪ್ಪತ್ತು, ಮಾಡದಿದ್ದರೂ ಇಪ್ಪತ್ತು. ಒಮ್ಮೆ ಬೇಕೆಂದೇ ಏಳು ಎಂಟಲೆ ಎಪ್ಪತ್ತು ಎಂದು ಬರೆದು, ಪುಸ್ತಕವನ್ನು ಅಪ್ಪ ಉಣ್ಣುವ ಜಾಗದಲ್ಲೇ ತೆರೆದಿಟ್ಟಳು. ಅಪ್ಪ ಅದರ ಮೇಲೆ ತಂಬಿಗೆ ಇಟ್ಟು ಊಟ ಮಾಡಿ ಎದ್ದ. ಆಮೇಲೆ ಅವಳು ಬರೆಯಲೂ ಇಲ್ಲ, ಕೇಳಲೂ ಇಲ್ಲ.

ಓದು ಬಾರದ ಮರಿಲಿಂಗಮ್ಮ ಮಾತ್ರ ಆ ಕೆಂಪು ಗುರುತುಗಳನ್ನು ಓಣಿಯವರಿಗೆಲ್ಲ ತೋರಿಸಿ ಬಂದಳು. "ನಮ್ಮ ಮನಿಯವ್ರು ಒಂದು ದಿನಾನೂ ತಪ್ಪಸಿಲ್ರಿ!"

ಜೂನ್ ಬಂತು. ಮೂವರೂ ಶಹಾಪುರದ ಹೈಸ್ಕೂಲಿಗೆ ಹೋದರು. ಪ್ರವೇಶ ಕೊಡುವ ನಜೀಮಾ ಮೇಡಂ ಮುಂದೆ ತಾಯಪ್ಪ ಪುಸ್ತಕವನ್ನು ಮಂಗಳಾರತಿಯಂತೆ ಎರಡೂ ಕೈಯಿಂದ ಇಟ್ಟ.

"ನೋಡ್ರಿ ಮೇಡಂ, ದಿನಾಂಕ ಸಮೇತ ಅದ!"

ಮೇಡಂ ತಿರುವಿದರು. ಮತ್ತೆ ತಿರುವಿದರು. "ದಿನಾಂಕ ಅದ, ಮಾರ್ಕ್ಸ್ ಅದ, ನಿಮ್ಮ ಸಹಿ ಅದ. ಲೆಕ್ಕ ಎಲ್ಲಿ ಅವ್ರಿ?"

ತಾಯಪ್ಪ ಕಣ್ಣಾಡಿಸಿದ. ಡಿಸೆಂಬರ್ ಇಪ್ಪತ್ತೆರಡು, ಇಪ್ಪತ್ತಕ್ಕೆ ಹತ್ತೊಂಬತ್ತು, ಮೇಲೆ ಹಾಳೆ ಬಿಳಿ. ಜನವರಿಯೂ ಬಿಳಿ. ಅವನು ತಪಾಸಣೆಯ ಸಾಹೇಬರನ್ನು ಎಷ್ಟೋ ಸಲ ಎದುರಿಸಿದ್ದ. ಅವರ್ಯಾರೂ ಕಾಲುವೆಯ ತನಕ ಹೋಗಿ ನೋಡಿದವರಲ್ಲ. ಈ ಹೆಂಗಸು ನೋಡಿಬಿಟ್ಟಳು!

ಮೇಡಂ ಒಂದು ಹಾಳೆಯಲ್ಲಿ ಐದು ಲೆಕ್ಕ ಬರೆದು ಹುಡುಗಿಗೆ ಕೊಟ್ಟರು. ಅರ್ಧ ತಾಸಿಗೆ ಒಂದು ಸರಿ, ನಾಲ್ಕು ತಪ್ಪು.

"ಎಂಟನೇ ಕ್ಲಾಸ್ ಆಗೂದಿಲ್ಲ. ನಮ್ಮಲ್ಲೇ ಏಳನೇ ಕ್ಲಾಸಿಗಿ ಕೂಡಸ್ತೀನಿ. ಹುಡುಗಿ ಹುಶಾರ್ ಅದಾಳ, ಆದ್ರ ವರ್ಷ ಹೋತು."

ಮೂವರೂ ಬಸ್ ಸ್ಟ್ಯಾಂಡಿಗೆ ಬಂದರು. ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಮರಿಲಿಂಗಮ್ಮ ಒಂದೇ ಮಾತು ಕೇಳಿದಳು. "ಆಕಿ ವಾರಿಗಿಯವ್ರೆಲ್ಲ ಮುಂದ ಹೋದ್ರು. ಆ ವರ್ಷ ಎಲ್ಲಿಂದ ತಂದು ಕೊಡ್ತೀರಿ?"

ತಾಯಪ್ಪ ಎದುರಿನ ಬಸ್ಸಿನ ಬೋರ್ಡು ಓದತೊಡಗಿದ. ಮಗಳಾದರೂ ಅಳುತ್ತಿದ್ದರೆ ಸಮಾಧಾನ ಮಾಡಿ ಅಪ್ಪ ಅನಿಸಿಕೊಳ್ಳಬಹುದಿತ್ತು. ತಿರುಗಿ ನೋಡಿದರೆ ಶೇಖಮ್ಮ ಮೇಡಂ ತಿದ್ದಿಕೊಟ್ಟ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ನಗುತ್ತಿದ್ದಳು.

"ನಾಲ್ಕು ತಪ್ಪಾಗ್ಯಾವ, ನಗ್ತೀಯಲ್ಲವ್ವ?"

"ಪ್ರತಿಯೊಂದು ಸಾಲಿನ ಬಾಜೂಕ ಎಲ್ಲಿ ತಪ್ಪೀನಿ ಅಂತ ಬರದಾರ, ಅಪ್ಪಾ," ಎಂದಳು ಹುಡುಗಿ, ಹಾಳೆಯಿಂದ ಕಣ್ಣೆತ್ತದೆ. "ತಪ್ಪು ಅಂತ ಬರೀಬೇಕಾದ್ರ ಅವ್ರು ಎಲ್ಲಾ ಓದಬೇಕಾತಲ್ಲ!"