ರಾಮಾಂಜಿನಪ್ಪನ ತೂಕಶಾಸ್ತ್ರ

ತೊರಪಲ್ಲಿ ಅಗ್ರಹಾರದ ರಾಮಾಂಜಿನಪ್ಪನ ಹಳೇ ಜೀಪಿಗೆ ದೊಡ್ಡ ಟೈರು ಬಂದ ದಿನ ಅವನ ಮೀಸೆಯೂ ಒಂದಂಗುಲ ಮೇಲೇರಿತು. ಮಿಲಿಟರಿ ಗಾಡಿಗಳಿಗೆ ಹಾಕುವಂಥ, ಹಲ್ಲು ಹಲ್ಲಾದ ಟೈರುಗಳು. ಹೋದ ಮಳೆಗಾಲದಲ್ಲಿ ಕೆರೆಯಂಚಿನ ಹೊಲದಲ್ಲಿ ಜೀಪು ಹೂತುಹೋಗಿ, ಪಕ್ಕದ ಹೊಲದವರ ಎತ್ತು ಬಂದು ಎಳೆದಾಗಲೇ ಅವನು ಈ ಶಪಥ ಮಾಡಿದ್ದ. (ಎತ್ತು ಮಾರಿ ಜೀಪು ತಂದವನನ್ನು ಎತ್ತೇ ಬಂದು ಮೇಲೆತ್ತಿದರೆ ಮಾನ ಉಳಿಯುತ್ತದೆಯೇ, ನೀವೇ ಹೇಳಿ.)

ಹೊಸೂರಿನಲ್ಲಿ ಟೈರು ಹಾಕಿಕೊಟ್ಟ ಮೆಕ್ಯಾನಿಕ್ ಚನ್ನಕೇಶವ ಒಂದು ಮಾತು ಹೇಳಿದ್ದ. “ಅಣ್ಣಾ, ಟೈರು ದೊಡ್ಡದು ಮಾಡ್ಸಿದ್ದೀರ. ಮುಂದಿನ ಚಕ್ರ ನೆಟ್ಟಗೈತಾ ಅಂತ ಅಲೈನ್‌ಮೆಂಟ್ ಒಂದ್ಸಲ ನೋಡುಸ್ಬುಡಿ.”

“ನಮ್ಮಪ್ಪ ಮೂವತ್ತೊರ್ಸ ಗಾಡಿ ಹೊಡ್ದ ಕಣಪ್ಪ. ಯಾವ ಚಕ್ರಕ್ಕೂ ಅಲೈನ್‌ಮೆಂಟ್ ಮಾಡಿಸ್ಲಿಲ್ಲ,” ಎಂದು ರಾಮಾಂಜಿನಪ್ಪ ಹೊರಟೇಬಿಟ್ಟ.

ಊರ ತಿರುವಿನಲ್ಲಿ ಹೊಸ ಟೈರು ಯಾವುದಕ್ಕೋ ಉಜ್ಜಿ ಕಿರುಗುಟ್ಟಿತು. ಅವನು ಜೀಪಿನಡಿಗೆ ನುಗ್ಗಿ, ಎರಡು ಚಕ್ರಗಳ ನಡುವೆ ಅಡ್ಡವಾಗಿದ್ದ ರಾಡನ್ನು ಸ್ಪ್ಯಾನರಿನಿಂದ ನಾಲ್ಕು ಸುತ್ತು ತಿರುಗಿಸಿದ. ಸದ್ದು ನಿಂತಿತು. ಅಲ್ಲೇ, ಬೆನ್ನ ಮಣ್ಣನ್ನೂ ಒದರಿಕೊಳ್ಳದೆ, ತನ್ನನ್ನು ತಾನು ಇಂಜಿನಿಯರ್ ಹುದ್ದೆಗೆ ನೇಮಿಸಿಕೊಂಡ. ಮರುದಿನದಿಂದ ಜೀಪು ಎಡಕ್ಕೆ ಎಳೆಯತೊಡಗಿತು.

“ಚನ್ನಕೇಶವಂಗೆ ತೋರ್ಸ್‌ಬಾರ್ದಾ?” ಎಂದಳು ಹೆಂಡತಿ ರಾಮಲಕ್ಷ್ಮಮ್ಮ.

“ತೋರ್ಸೋಕೇನೈತೆ? ಹೊರೆ ಒಂದು ಕಡೆ ವಾಲಿದ್ರೆ ಯಾವ ಗಾಡಿಯಾದ್ರೂ ಎಳೀತದೆ. ನೀನು ಎಡಗಡೆ ಕೂತ್ಕಂತೀಯಲ್ಲ, ಅದಕ್ಕೇ.”

“ಇಪ್ಪತ್ತೊರ್ಸದಿಂದ ನಿಮ್ಮನೆ ಭಾರ ಹೊತ್ತೆ. ಈಗ ನಾನೇ ಭಾರ ಆಗ್ಬುಟ್ನಾ?”

ಅವನು ಕೆಮ್ಮಿ ಎದ್ದುಹೋದ. ರಾಮಲಕ್ಷ್ಮಮ್ಮ ಸುಮ್ಮನಾದದ್ದಕ್ಕೂ ಕಾರಣವಿತ್ತು. ಕೆಲಮಂಗಲದ ಅವಳ ತಮ್ಮ ಚಿನ್ನಪ್ಪನ ಮಗಳು ಪಾರ್ವತಿಗೆ ಬೇರಿಕೆಯ ಸಂಬಂಧ ಕುದುರಿತ್ತು. ಹೆಣ್ಣು ನಮ್ಮ ಜೀಪಿನಲ್ಲೇ ಗಂಡಿನೂರಿಗೆ ಹೋಗಲಿ ಎಂದು ತವರಿನಲ್ಲಿ ಎಲ್ಲರೆದುರು ಮಾತು ಕೊಟ್ಟುಬಂದಿದ್ದಳು.

“ದೀಪ ಹಚ್ಚೋ ಹೊತ್ತಿಗೆ ಹೆಣ್ಣು ಬೇರಿಕೆ ಸೇರ್ಬೇಕು. ತವರಲ್ಲಿ ನನ್ನ ಮಾನ ನಿಮ್ಮ ಕೈಲೈತೆ,” ಎಂದಷ್ಟೇ ಹೇಳಿದಳು.

ಆ ದಿನ ಬಂತು. ಚಿನ್ನಪ್ಪನ ಅಂಗಳದಲ್ಲಿ ರಾಮಾಂಜಿನಪ್ಪ ನೆಂಟರನ್ನು ರಾಗಿ ಮೂಟೆಗಳಂತೆ ಕಣ್ಣಲ್ಲೇ ತೂಗಿದ. ಕಡ್ಡಿಯಂಥ ಪಾರ್ವತಿ ಮುಂದೆ, ಎಡಗಡೆ. ಹಿಂದಿನ ಎಡ ಬೆಂಚಿಗೆ ಅವಳ ಟ್ರಂಕು ಒಂದೇ. ಚಿನ್ನಪ್ಪ, ರಾಮಲಕ್ಷ್ಮಮ್ಮ ಇಬ್ಬರೂ ಬಲ ಬೆಂಚಿಗೆ. ಆಮೇಲೆ ಅವನ ದೃಷ್ಟಿ ಹೆಂಡತಿಯ ಚಿಕ್ಕಮ್ಮ ಅಂಜಿನಮ್ಮನ ಮೇಲೆ ಬಿತ್ತು. ಆಕೆ ತುಂಬಿದ ಕಣಜದಂಥ ಹೆಂಗಸು, ಆಗಲೇ ಟ್ರಂಕಿನ ಪಕ್ಕ ಆರಾಮಾಗಿ ಕೂತಿದ್ದಳು.

“ಅತ್ತೆ, ನೀವು ಬಲಗಡೆ ಬನ್ನಿ. ಎಡಗಡೆ ನಿಮ್ಮ ಭಾರ ತಡೆಯಾಕಿಲ್ಲ.”

ಯಾರೋ ನಗೆ ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ಅಂಜಿನಮ್ಮ ಏನೂ ಅನ್ನದೆ ಎದ್ದು ಬಲಗಡೆ ಕೂತಳು. ಬಾಯಿಗೆ ಹೆಸರಾದವಳು ಬಾಯಿ ಮುಚ್ಚಿದರೆ ಹೆದರಬೇಕು ಎಂಬುದು ನಮ್ಮ ಇಂಜಿನಿಯರಿಗೆ ತಿಳಿಯಲಿಲ್ಲ.

ಹೊಸೂರು ದಾಟಿತು, ಬಾಗಲೂರೂ ದಾಟಿತು, ಜೀಪು ಎಡಕ್ಕೆ ಎಳೆಯುವುದು ಮಾತ್ರ ನಿಲ್ಲಲಿಲ್ಲ. ಅವನ ಬಲಗೈ ಹಗ್ಗ ಜಗ್ಗಿದವನ ಕೈಯಂತೆ ಸೋತಿತ್ತು. ಎದುರಿಗೆ ಬಸ್ಸು ಬಂದಾಗ ದಾರಿ ಬಿಡಲು ಒಂಚೂರು ಎಡಕ್ಕೆ ತಿರುಗಿಸಿದ್ದೇ ತಡ, ಜೀಪು ಅದನ್ನೇ ಅಪ್ಪಣೆ ಎಂದುಕೊಂಡು ಹುರುಳಿ ಹೊಲಕ್ಕೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. (ಹೊಲದಿಂದ ಮೇಲೆ ಬರುವಾಗ ಟೈರುಗಳು ಬಹಳ ಚೆನ್ನಾಗಿ ಕೆಲಸ ಮಾಡಿದವು. ಅದನ್ನು ಹೊಗಳುವ ಧೈರ್ಯ ಯಾರಿಗೂ ಆಗಲಿಲ್ಲ.)

ಪಾರ್ವತಿಯ ಕಣ್ಣಲ್ಲಿ ನೀರಾಡಿತು. “ಅತ್ತೆ, ಹೊತ್ತು ಮುಳುಗ್ತೈತೆ.”

ರಾಮಲಕ್ಷ್ಮಮ್ಮ ಸೆರಗು ಸಿಕ್ಕಿಸಿ ಟ್ರಂಕಿನ ಹಗ್ಗ ಬಿಚ್ಚಿದಳು. ಮುಂದಿನ ಎರಡು ಚಕ್ರಗಳ ನಡುವಿನ ಅಂತರವನ್ನು ಮುಂಭಾಗದಲ್ಲಿ ಒಮ್ಮೆ, ಅವೇ ಚಕ್ರಗಳ ಹಿಂಭಾಗದಲ್ಲಿ ಒಮ್ಮೆ ಆ ಹಗ್ಗದಿಂದ ಅಳೆದಳು.

“ನಮ್ಮಪ್ಪ ಗಾಡಿ ಚಕ್ರ ಸೊಟ್ಟಗಾಯ್ತು ಅಂದ್ರೆ ಹಿಂಗೇ ನೋಡ್ತಿದ್ದ. ಬನ್ನಿ ಇಲ್ಲಿ. ಮುಂದ್ಗಡೆ ಎರಡು ಬೆರಳು ಜಾಸ್ತಿ ಐತೆ. ಎರಡು ಚಕ್ರ ಮುನಿಸ್ಕೊಂಡು ಒಂದೊಂದು ದಿಕ್ಕಿಗೆ ನೋಡ್ತಾವೆ. ಈ ರಾಡು ಯಾರು ಮುಟ್ಟಿದ್ದು?”

ರಾಮಾಂಜಿನಪ್ಪ ಹುರುಳಿ ಗಿಡಗಳ ಕಡೆ ನೋಡಿದ. “ನಾಲ್ಕೇ ಸುತ್ತು ಕಣೇ.”

“ಆ ನಾಲ್ಕು ಸುತ್ತೂ ವಾಪಸ್ ತಿರುಗ್ಸಿ.”

ಅವನು ಪಂಚೆ ಎತ್ತಿಕಟ್ಟಿ ಜೀಪಿನಡಿಗೆ ಮಲಗಿದ. ಅವಳು ಅಳೆದಳು, ಅವನು ತಿರುಗಿಸಿದ, ಅವಳು ಸಾಕೆಂದಳು. ಆಮೇಲೆ ಜೀಪು ಹೊಸ ಸೊಸೆಯಂತೆ ತಲೆ ಬಗ್ಗಿಸಿಕೊಂಡು ನೇರವಾಗಿ ನಡೆಯಿತು. ತಿರುವುಗಳಲ್ಲಿ ಮಾತ್ರ ಟೈರು ಮತ್ತೆ ಕಿರುಗುಟ್ಟಿತು, ಅದನ್ನು ನೋಡಲು ಚನ್ನಕೇಶವನಿದ್ದಾನೆ ಎಂದು ರಾಮಾಂಜಿನಪ್ಪನೇ ಒಪ್ಪಿಕೊಂಡ. ಬೇರಿಕೆಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ಹೆಣ್ಣು ಬಂದಿಳಿಯಿತು.

“ದಾರೀಲಿ ಏನೋ ತೊಂದ್ರೆ ಆಯ್ತಂತೆ?” ಎಂದು ಗಂಡಿನ ತಂದೆ ಜಯರಾಮಯ್ಯ ಕೇಳಿದರು.

ರಾಮಲಕ್ಷ್ಮಮ್ಮ ತಟ್ಟನೆ, “ಏನಿಲ್ಲ, ಚಕ್ರ ಒಂಚೂರು ಎಳೀತಿತ್ತು. ನಮ್ಮೆಜಮಾನ್ರು ಅಲ್ಲೇ ಸರಿ ಮಾಡ್ಬುಟ್ರು,” ಎಂದಳು.

“ಹೌದಾ? ನಮ್ಮ ವ್ಯಾನೂ ಬಲಕ್ಕೆ ಎಳೀತೈತೆ. ನಾಳೆ ಬಾಗಲೂರಿನ ನೆಂಟರನ್ನ ಅದ್ರಲ್ಲೇ ಕರ್ಕಂಬರ್ಬೇಕು. ಒಂಚೂರು ನೋಡ್ತೀರಾ?” ಎಂದು ಜಯರಾಮಯ್ಯ ಕೈ ಹಿಡಿದರು.

ರಾಮಾಂಜಿನಪ್ಪ ಹೆಂಡತಿಯನ್ನು ನೋಡಿದ. ಬೆನ್ನಿಗೆ ಹುರುಳಿ ಹೊಲದ ಮಣ್ಣಿತ್ತು, ಎದೆಯಲ್ಲಿ ಅವಳ ಮೇಲೆ ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಹೇಳದ ಪ್ರೀತಿ ಉಕ್ಕಿತ್ತು.

“ಬೀಗರೇ, ಅಳೆದು ಸರಿಮಾಡ್ಸಿದ್ದು ಇವಳು. ತಿರುಗ್ಸಿ ಕೆಡ್ಸಿದ್ದಷ್ಟೇ ನಾನು.”

ಚಪ್ಪರವೆಲ್ಲ ನಕ್ಕಿತು. ರಾಮಲಕ್ಷ್ಮಮ್ಮ ನಾಚಿ ತಲೆ ತಗ್ಗಿಸಿದಳು. ಗಂಡನಿಗೆ ಎಷ್ಟೋ ದಿನದ ಮೇಲೆ ಮೈ ಹಗುರಾಯಿತು. ಅಷ್ಟರಲ್ಲಿ ಕೆಲಮಂಗಲದಿಂದ ತುಟಿ ಬಿಚ್ಚದಿದ್ದ ಅಂಜಿನಮ್ಮ ಮುಂದೆ ಬಂದಳು.

“ಹಂಗಾರೆ ಅಳಿಯಂದ್ರೆ, ತಪ್ಪಿದ್ದದ್ದು ರಾಡಲ್ಲಿ?”

“ಹೂಂ ಅತ್ತೆ.”

“ನನ್ನ ಭಾರದಲ್ಲಲ್ಲ?”

“ಅಲ್ಲ ಅತ್ತೆ,” ಎಂದ ಅವನು ಮೆಲ್ಲಗೆ.

“ಅಂಗಳದಲ್ಲಿ ಹೇಳ್ದಷ್ಟೇ ಗಟ್ಟಿಯಾಗಿ ಹೇಳಿ. ಬೀಗರೆಲ್ಲಾ ಕೇಳಿಸ್ಕಳ್ಳಿ,” ಎಂದು ಅಂಜಿನಮ್ಮ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು.