ಮಂಚದ ಕೆಳಗಿನ ಹೊಳೆ

ನನ್ನ ಸೋದರಮಾವನ ಮಂಚದ ಕೆಳಗೆ ಒಂದು ಹೊಳೆ ಇದೆ! ನಂಜನಗೂಡಿನ ಸ್ನಾನಘಟ್ಟದಿಂದ ಹೊರಟು ತಿರುಮಕೂಡಲಿನಲ್ಲಿ ಕಾವೇರಿ ಸೇರುವವರೆಗಿನ ಕಪಿಲೆ, ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಹಳೇ ಪಂಚೆಯೊಳಗೆ ಮಲಗಿದೆ. ನೀವು ನಂಬಬೇಕಾಗಿಲ್ಲ. ಕಣ್ಣಾರೆ ಕಂಡದ್ದನ್ನೂ ಅನುಮಾನಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ನನಗೇ ಪೂರ್ತಿ ನಂಬಿಕೆಯಿಲ್ಲ.

ಮಾವ ಬಸ್ಸುಗಳಿಗೆ ಬೋರ್ಡು ಬರೆಯುತ್ತಿದ್ದವರು. ‘ನಂಜನಗೂಡು – ಟಿ. ನರಸೀಪುರ’ ಎಂದು ಬರೆದೂ ಬರೆದೂ ಒಂದು ದಿನ ತಲೆ ಕೆಟ್ಟಿತಂತೆ. “ಎರಡೂರ್ ಎಸ್ರು ಬರ್ದು, ಮದ್ಯದ್ದೆಲ್ಲಾವ ಒಂದ್ ಗೀಟಲ್ಲಿ ಮುಗ್ಸ್‌ಬುಡದು ಅನ್ಯಾಯ ಅಲ್ವೇನ್ಲಾ?” ಆ ಗೀಟಿನೊಳಗೆ ಏನೇನಿದೆಯೋ ಅದನ್ನೆಲ್ಲ ಬಣ್ಣದ ಚಿತ್ರವಾಗಿ ಬರೆಯಲು ಕೂತರು. ಹಾಳೆಗೆ ಹಾಳೆಯನ್ನು ಮೈದಾ ಅಂಟಿನಿಂದ ಕೂಡಿಸಿ ಹನ್ನೊಂದು ವರ್ಷ ಬರೆದರು. ಮನೆಯೋ ಎರಡು ಕೋಣೆ. ಬರೆದದ್ದನ್ನು ಸುತ್ತುತ್ತ ಬಂದರು. ಹಾಗಾಗಿ ಇಡೀ ಹೊಳೆಯನ್ನು ಒಟ್ಟಿಗೆ ಕಂಡವರು ಯಾರೂ ಇಲ್ಲ, ಬರೆದವರೂ ಸೇರಿ!

ಈಗ ಅವರ ಕಣ್ಣು ಮಂಜಾಗುತ್ತಿದೆ. ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. “ಪೂರ್ತಿ ಒಂದ್ಸಲ ನೋಡ್ಬುಡ್ಬೇಕು. ಪೋಟೋ ತಗ್ದು ಜೋಡುಸ್ತಾರಂತಲ್ಲ, ಮಾಡ್ಕೊಡ್ಲಾ” ಎಂದರು.

“ಬೀದಿಯಲ್ಲಿ ಬಿಚ್ಚಿಬಿಡೋಣ ಮಾವ.”

“ನಿನ್ ತಲೆ! ಗಾಳಿ ಬಂದ್ರೆ ಒಳೆ ಸಂತೆಮಾಳಕ್ಕೋಯ್ತದೆ.”

ಎರಡು ಸ್ಟೂಲುಗಳ ಮೇಲೆ ಏಣಿ ಮಲಗಿಸಿ, ಅದಕ್ಕೆ ಫೋನು ಕಟ್ಟಿದೆ. ಫ್ಯಾನು ಬಂದ್. ಕಾಗದದ ಮೂಲೆಗಳಿಗೆ ರಾಗಿ ಚೀಲ. ಹುಳುಗಳು ಮೈದಾ ತಿಂದು, ಕೂಡಿಸಿದ ಜಾಗಗಳೆಲ್ಲ ಹಳೇ ಹಲ್ಲಿನಂತೆ ಅಲ್ಲಾಡುತ್ತಿದ್ದವು. ಕೈ ತಪ್ಪಿದರೆ ಹನ್ನೊಂದು ವರ್ಷ ಹರಿಯುತ್ತದಲ್ಲ! ಉಸಿರು ಬಿಡಲೂ ಭಯ. ಸುರುಳಿಯ ಹೊರತುದಿಯಲ್ಲಿ ತಿರುಮಕೂಡಲು ಇತ್ತು. ಅಲ್ಲಿಂದಲೇ ಶುರು ಮಾಡಿದೆ.

“ನಿಲ್ಸ್ಲಾ! ಒಳೆ ಎಲ್ಲಾರ ಮೇಲಕ್ಕೆ ಅರೀತದಾ?”

“ಕಂಪ್ಯೂಟರಿಗೆ ಎರಡೂ ಒಂದೇ ಮಾವ.”

“ಕಂಪ್ಯೂಟ್ರುಗೆ ಒಂದೇಯ. ನೀರ್ಗೆ?”

ಕೂಡಿಕೆಗಳ ಮೇಲಷ್ಟೇ ಕಣ್ಣಿಟ್ಟು, ಇಡೀ ಹೊಳೆಯನ್ನು ಬಿಚ್ಚುತ್ತ ಹಿಂದುಮುಂದಾಗಿ ಸುತ್ತಿ, ನಂಜನಗೂಡಿನಿಂದ ಹೊರಟೆವು. ಒಂದೊಂದು ಕೂಡಿಕೆ ಚಟ್ಟೆಂದಾಗಲೂ ನನ್ನ ಎದೆಯೂ ಚಟ್ಟೆನ್ನುತ್ತಿತ್ತು.

ಏಳನೆಯ ಚಿತ್ರ ತೆಗೆದು ತಲೆಯೆತ್ತಿದರೆ, ಮಾವ ಎಂಟನೆಯ ಜಾಗದಲ್ಲಿ ಕುಂಚ ಹಿಡಿದು ಕೂತಿದ್ದಾರೆ!

“ಏನ್ಮಾಡ್ತಿದ್ದೀರಿ?”

“ಒಂದೇ ಒಂದು ಎಮ್ಮೆ ಕಣ್ಲಾ. ಬುಟ್ಟೋಗಿತ್ತು.”

ಒಂದು ಫೋಟೋದ ಅಂಚು ಮುಂದಿನದರಲ್ಲೂ ಬರಬೇಕೆಂಬುದು ಈ ಜೋಡಣೆಯ ನಿಯಮ. ಏಳರಲ್ಲಿ ಇಲ್ಲದ ಎಮ್ಮೆ ಎಂಟರಲ್ಲಿ ಪ್ರತ್ಯಕ್ಷವಾದರೆ ಕಂಪ್ಯೂಟರು ಏನು ಮಾಡೀತು? ಅರ್ಧ ಎಮ್ಮೆ ಕೊಟ್ಟಿತು! ನಾನು ಗಾಬರಿಯಿಂದ ತೋರಿಸಿದರೆ ಮಾವ ತಣ್ಣಗೆ, “ಇನ್ನರ್ದ ನೀರಲ್ಲದೆ ಬುಡು” ಎಂದರು.

ಅಷ್ಟರಲ್ಲಿ ಮಾವನ ಮಗಳು ಅಡುಗೆಮನೆಯಿಂದ ಕೂಗಿದಳು: “ಅಪ್ಪಾ, ಒಳೆ ಸುತ್ತಿಟ್ಟು ಊಟಕ್ಕೆ ಬನ್ನಿ! ತಟ್ಟೆ ಎಲ್ಲಿಡ್ಲಿ, ನೀರ್ ಮೇಲಾ?”

ಸಂಜೆಗೆ ಎಲ್ಲ ಮುಗಿಯಿತು. ಜೋಡಿಸಿದ ಚಿತ್ರವನ್ನು ಟೀವಿಗೆ ಹಾಕಿದೆ. ಮಾವ ಪರದೆಗೆ ಗೇಣು ದೂರದಲ್ಲಿ ಕೂತು, ಹೊಳೆಯ ಮೇಲೆ ಬೆರಳು ಎಳೆಯುತ್ತ ಹೋದರು. ತಿರುಮಕೂಡಲು ಇನ್ನೇನು ಹತ್ತಿರ ಬಂತು ಎನ್ನುವಾಗ ಬೆರಳು ನಿಂತಿತು. ಅಲ್ಲಿ ದಡವೇ ಇಲ್ಲ! ಗೇಣಗಲ ಬರೀ ಬಿಳಿ.

ಹದಿನಾಲ್ಕನೆಯದನ್ನು ತೆಗೆದೆನೋ ಇಲ್ಲವೋ? ಊಟಕ್ಕೆ ಮುಂಚೆಯೋ, ಆಮೇಲೋ? ತೆಗೆದದ್ದು ಸ್ಪಷ್ಟವಾಗಿ ನೆನಪಿದೆ. ಆದರೆ ಸ್ಪಷ್ಟವಾದ ನೆನಪುಗಳೇ ನನಗೆ ಹೆಚ್ಚು ಕೈಕೊಟ್ಟಿರುವುದು. ಓಡಿಹೋಗಿ ಸುರುಳಿ ಬಿಚ್ಚಿದೆ. ಕಾಗದದಲ್ಲೂ ಖಾಲಿ!

“ಅದ್ ನಾನೇ ಬುಟ್ಟಿರದು” ಎಂದರು ಮಾವ. “ನಿಮ್ಮತ್ತೆ ಊರ್ ಕಡವು. ತೆಪ್ಪ ಬರಗಂಟ ಕಲ್ ಮೇಲೆ ಕೂತ್ಕತಿದ್ಲು. ಅವಳೋದ್ ಮೇಲೆ ಬರಿಯವ ಅಂತ ಕೂತ್ರೆ, ಸೀರೆ ಬಣ್ಣವೇ ಗ್ಯಾನ ಬರ್ನಿಲ್ಲ. ನೀನೂ ಇದ್ಯಲ್ಲ, ಅವಳ ತೊಡೆ ಮೇಲೆ. ಯಾವ್ ಬಣ್ಣ ಯೋಳ್ಲಾ.”

ನನಗಾಗ ಐದು ವರ್ಷ. ಸಾಕ್ಷಿಯಿಲ್ಲ, ದಾಖಲೆಯಿಲ್ಲ.

“ಹಸಿರು, ಮಾವ.”

“ಗ್ಯಾರಂಟಿನಾ?”

“ಗ್ಯಾರಂಟಿ.” ಈ ಪದವನ್ನು ನಾನು ಜೀವನದಲ್ಲಿ ಮೊದಲ ಸಲ ಬಳಸಿದ್ದು.

ಮಾವ ಶೀಶೆಗಳನ್ನು ತಡಕಿ, ಒಂದನ್ನು ಕಣ್ಣಿಗೆ ಒತ್ತಿ ಹಿಡಿದು ನೋಡಿ, ನನ್ನ ಕೈಗಿಟ್ಟರು. “ಇದೇ ಹಸ್ರಾ ನೋಡು.”

ಅದು ನೀಲಿ.

ಬಾಯಿ ತೆರೆದೆ. ಆದರೆ ಆ ನೀಲಿಯನ್ನು ನೋಡುತ್ತಿದ್ದಂತೆ, ಕಲ್ಲಿನ ಬಿಸಿ, ನನ್ನ ಕೆನ್ನೆಗೆ ತಾಗುತ್ತಿದ್ದ ಒದ್ದೆ ಸೆರಗು... ನೀಲಿಯೇ ಇತ್ತಲ್ಲವೇ?

“ಇದೇ ಮಾವ” ಎಂದೆ.

ಅವರು ಕುಂಚ ಅದ್ದಿದರು. ನಾನು ರಾಗಿ ಚೀಲಗಳನ್ನು ಸರಿಸಿ, ಕಾಗದವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತೆ.